ಕುರಿ ಡಾಕ್ಟರು ಗಾಲ್ಫ್ ಕೋಲು ಕೊಂಡದ್ದು

ನಾನು ಸುಮ್ಮನೆ ನನ್ನ ಪಾಡಿಗೆ ಇದ್ದರೂ ನಗುವಂಥ ಪ್ರಸಂಗಗಳು ನನ್ನನ್ನು ಹುಡುಕಿಕೊಂಡು ಬರುತ್ತವೆ. ಪಶುವೈದ್ಯನ ಕೆಲಸವೇ ಹಾಗೆ. ರೋಗಿ ಮಾತಾಡುವುದಿಲ್ಲ, ರೋಗಿಯ ಯಜಮಾನ ಮಾತು ನಿಲ್ಲಿಸುವುದಿಲ್ಲ. ಧರ್ಮಪುರ, ಹಿರಿಯೂರು, ಹೊಸದುರ್ಗ ಎಲ್ಲ ಸುತ್ತಿ ಕೊನೆಗೆ ಹೊಳಲ್ಕೆರೆಗೆ ಬಂದು ಬಿದ್ದಾಗ ನನಗೆ ನಲವತ್ತಾರು ವರ್ಷ. ಆ ವಯಸ್ಸಿಗೆ ಜನ ಮಂಡಿನೋವನ್ನೋ ಸಕ್ಕರೆ ಕಾಯಿಲೆಯನ್ನೋ ಅಂಟಿಸಿಕೊಳ್ಳುತ್ತಾರೆ. ನಾನು ಗಾಲ್ಫ್ ಅಂಟಿಸಿಕೊಂಡೆ.

ಅಂಟಿಸಿದವರು ಒಬ್ಬ ನಿವೃತ್ತ ಗಣಿ ಮ್ಯಾನೇಜರು. ಹೊಸದುರ್ಗದ ರಸ್ತೆಯಲ್ಲಿ ಅವರದೊಂದು ತೆಂಗಿನ ತೋಟ. ತೋಟದ ಹಿಂದಿನ ಗೋಮಾಳದಲ್ಲಿ ಹಾಲಿನ ಪುಡಿಯ ಖಾಲಿ ಡಬ್ಬಿಗಳನ್ನು ಹೂತು ಆರು ಗುಳಿ ಮಾಡಿಕೊಂಡಿದ್ದರು. ಅಲ್ಲಿ ಹುಲ್ಲು ಬೆಳೆಯುವ ಮಾತೇ ಇಲ್ಲ. ಅದಕ್ಕೆ ಗುಳಿಯ ಸುತ್ತ ಮರಳು ಹರಡಿ, ಟ್ರ್ಯಾಕ್ಟರಿನ ಹಳೇ ಎಣ್ಣೆ ಸುರಿದು ನೆಲ ಗಟ್ಟಿ ಮಾಡಿದ್ದರು. ಅವರ ಎಮ್ಮೆಗೆ ಕಷ್ಟದ ಹೆರಿಗೆ ಮಾಡಿಸಿದ ದಿನ ನನ್ನ ಕೈಗೊಂದು ಕೋಲು ಕೊಟ್ಟು, "ಒಂದು ಹೊಡೀರಿ ಡಾಕ್ಟ್ರೇ" ಎಂದರು. ಹೊಡೆದೆ. ಚೆಂಡು ಟಪ್ಪನೆ ಎದ್ದು ಬೇಲಿ ದಾಟಿತು. ಅಂಥದ್ದೇ ಏಟು ಮತ್ತೊಮ್ಮೆ ಬೀಳಲು ಮೂರು ವರ್ಷ ಬೇಕಾಯಿತು. ಅಷ್ಟರಲ್ಲಿ ನನಗೆ ಪೂರ್ತಿ ಹುಚ್ಚು ಹಿಡಿದಾಗಿತ್ತು.

೧. ಇನ್ನೂರು ಕುರಿ, ಒಂದು ಚೆಂಡು

ಮ್ಯಾನೇಜರು ನನಗೆ ದಾನ ಕೊಟ್ಟದ್ದು ಅವರ ಅಟ್ಟದ ಮೇಲಿದ್ದ ಐರನ್‌ಗಳನ್ನು. ಗಾಲ್ಫಿನಲ್ಲಿ ಕಬ್ಬಿಣದ ತಲೆಯ ಕೋಲಿಗೆ ಹಾಗೆನ್ನುತ್ತಾರೆ. ಒಂದೊಂದಕ್ಕೆ ಒಂದೊಂದು ನಂಬರು. ನಂಬರು ಹೆಚ್ಚಿದಷ್ಟೂ ಚೆಂಡು ಎತ್ತರ ಏರುತ್ತದೆ, ದೂರ ಕಡಿಮೆಯಾಗುತ್ತದೆ. ಸರಿಯಾದ ಸೆಟ್ಟೆಂದರೆ ಎಲ್ಲವೂ ಒಂದೇ ತಾಯಿಯ ಮಕ್ಕಳ ಹಾಗಿರಬೇಕು. ನನಗೆ ಸಿಕ್ಕ ಐದು ಕೋಲುಗಳು ಐದು ಮನೆಯವು. ಒಂದರ ಹಿಡಿ ಸವೆದು ಸೈಕಲ್ ಟ್ಯೂಬು ಸುತ್ತಿತ್ತು. ಇನ್ನೊಂದು ಎಡಗೈಯವರದು ಎಂದು ನನಗೆ ಗೊತ್ತಾಗಿದ್ದು ಆರು ತಿಂಗಳ ನಂತರ.

ಇಂಥ ಕೋಲಿನಿಂದ ಹೊಡೆದ ಚೆಂಡು ಎಲ್ಲಿ ಹೋಗುತ್ತದೆ ಎಂದು ದೇವರೂ ಹೇಳಲಾರ. ಒಂದು ಸಂಜೆ ನಾನು, ಮ್ಯಾನೇಜರು, ಅವರ ತೋಟದ ಆಳು, ನಮ್ಮ ಆಸ್ಪತ್ರೆಯ ಕಾಂಪೌಂಡರು, ನಾಲ್ವರೂ ಜಾಲಿ ಗಿಡಗಳ ನಡುವೆ ಬಗ್ಗಿಕೊಂಡು ಅರ್ಧ ಗಂಟೆ ಹುಡುಕಿದೆವು. ಪಕ್ಕದಲ್ಲಿ ಕುರಿ ಯಜಮಾನರೊಬ್ಬರು ಕೋಲಿನ ಮೇಲೆ ಗದ್ದ ಊರಿ ನಿಂತು ನೋಡುತ್ತಿದ್ದರು. ಚಿಕ್ಕಜಾಜೂರಿನ ಕಡೆಯವರು, ಕುರಿ ಸಾಕುವುದಲ್ಲದೆ ಸಂತೆಯಲ್ಲಿ ವ್ಯಾಪಾರವನ್ನೂ ಮಾಡುತ್ತಿದ್ದರು. ಅವರ ಹಿಂಡಿಗೆ ನಾನೇ ಡಾಕ್ಟರು.

"ಏನು ಕಳ್ಕಂಡ್ರಿ ಡಾಕ್ಟ್ರೇ?"

"ಚೆಂಡು ಯಜಮಾನ್ರೇ."

"ಎಷ್ಟು?"

"ಒಂದು."

ಅವರು ನಮ್ಮ ನಾಲ್ವರನ್ನು ನೋಡಿದರು. ಆಮೇಲೆ ತಮ್ಮ ಹಿಂಡು ನೋಡಿದರು. "ಇನ್ನೂರು ಕುರಿ ನಾನೊಬ್ನೇ ಕಾಯ್ತೀನಿ. ಒಂದು ಚೆಂಡಿಗೆ ನಿಮಗೆ ನಾಕು ಜನ ಸಾಲ್ತಿಲ್ವಲ್ರಿ" ಎಂದು ಮರುಗಿದರು. ಮತ್ತೆ ಸ್ವಲ್ಪ ಹೊತ್ತು ನೋಡಿ, ಕೋಲಿನ ತುದಿ ಎತ್ತಿ ತೋರಿಸಿದರು. "ಅಗಾ, ಆ ಕಲ್ಲಿನ ಹಿಂದೈತೆ. ಬಿದ್ದಾಗ್ಲೇ ನೋಡಿದ್ದೆ."

ನನಗೆ ರೇಗಿತು. "ಮೊದ್ಲೇ ಹೇಳೋದಲ್ವೇನ್ರಿ?"

"ಹುಡುಕೋದೇ ಆಟ ಅನ್ಕಂಡಿದ್ದೆ ಕಣ್ರಿ."

೨. ಗ್ಯಾರಂಟಿ ವೆಲ್ಡಿಂಗ್

ನಾಲ್ಕನೇ ವರ್ಷ ಮ್ಯಾನೇಜರು ಒಂದು ಬಾಂಬು ಹಾಕಿದರು. "ದೀಪಾವಳಿ ಕಳೆದ ಮೇಲೆ ಬೆಂಗಳೂರಲ್ಲಿ ನಮ್ಮ ಹಳೇ ಸ್ನೇಹಿತರೆಲ್ಲ ಸೇರಿ ಆಡ್ತೀವಿ. ನೀವೂ ಬರ್ರಿ. ನಿಜವಾದ ಹುಲ್ಲು ನೋಡಿದಂಗಾಗುತ್ತೆ." ಒಂದು ಕಡೆ ನೀರಿನ ಹೊಂಡ ದಾಟಿಸಿ ಹೊಡೆಯಬೇಕಂತೆ. ಹತ್ತು ಜನ ಸುತ್ತ ನಿಂತು ನೋಡುತ್ತಾರಂತೆ.

ಗೋಮಾಳದಲ್ಲಿ ತಪ್ಪಿದರೆ ಕುರಿಗಳು ನೋಡುತ್ತವೆ, ಅವು ಯಾರಿಗೂ ಹೇಳುವುದಿಲ್ಲ. ಅಲ್ಲಿ ಹಾಗಲ್ಲ. ನನ್ನ ಆಟ ಅಷ್ಟಿಷ್ಟು ಸುಧಾರಿಸಿತ್ತು, ಸುಳ್ಳು ಹೇಳುವುದಿಲ್ಲ. ಹತ್ತರಲ್ಲಿ ನಾಲ್ಕು ಚೆಂಡು ಎದ್ದು ಹೋಗುತ್ತಿದ್ದವು. ಆದರೆ ಆ ಐದು ಮನೆಯ ಕೋಲು ಹಿಡಿದು ನೀರು ದಾಟಿಸುವ ಧೈರ್ಯ ಇರಲಿಲ್ಲ. ಹೊಸ ಸೆಟ್ಟಿನ ಬೆಲೆ ಕೇಳಿಸಿದೆ. ನಮ್ಮ ಸ್ಕೂಟರಿನ ಬೆಲೆಗಿಂತ ಜಾಸ್ತಿ.

ಒಂದು ಹಳೇ ಪತ್ರಿಕೆಯಲ್ಲಿ ಓದಿದೆ: ಕಲಿಯುವವರಿಗೆ ಕೋಲಿನ ತಲೆಯ ತೂಕ ಕೆಳಗೆ, ಹಿಂದಕ್ಕೆ ಇರಬೇಕು, ಆಗ ಚೆಂಡು ತಾನಾಗಿ ಏಳುತ್ತದೆ. ಇಷ್ಟೇ ತಾನೇ ಎಂದುಕೊಂಡು ನೇಗಿಲು ರಿಪೇರಿ ಮಾಡುವ ವೆಲ್ಡಿಂಗ್ ಅಂಗಡಿಗೆ ಹೋದೆ. ಅಂಗಡಿಯವನು ನನ್ನ ಏಳನೇ ನಂಬರಿನ ಕೋಲನ್ನು ತಿರುಗಿಸಿ ನೋಡಿ, ಲಾರಿಯ ಕಮಾನು ಪಟ್ಟಿಯ ತುಂಡೊಂದನ್ನು ಹಿಂಬದಿಗೆ ಬೆಸೆದ. "ಗ್ಯಾರಂಟಿ ಸಾರ್. ಇದು ಬಿಟ್ಕಂಡ್ರೆ ನನ್ ಹೆಸ್ರು ಬದಲಾಯ್ಸ್ರಿ."

ತನ್ನ ಕೆಲಸ ನೋಡಲು ಅವನೇ ಗೋಮಾಳಕ್ಕೆ ಬಂದ. ಕೋಲು ಎತ್ತುವುದೇ ಪಿಕಾಸಿ ಎತ್ತಿದಂತಿತ್ತು. ಇದ್ದ ಬಲವೆಲ್ಲ ಹಾಕಿ ಬೀಸಿದೆ. ಠಣ್ಣೆಂದಿತು. ಏನೋ ಒಂದು ಆಕಾಶಕ್ಕೆ ಎದ್ದು, ನನ್ನ ಜೀವಮಾನದಲ್ಲಿ ಯಾವ ಚೆಂಡೂ ಹೋಗದಷ್ಟು ದೂರ ಹೋಗಿ ಬಿತ್ತು. ಕುಣಿಯುವುದೊಂದು ಬಾಕಿ. ಆಗ ಕಾಲ ಬುಡದಲ್ಲಿ ನೋಡಿದರೆ ಚೆಂಡು ಇಟ್ಟಲ್ಲೇ ಇತ್ತು. ಹಾರಿದ್ದು ಕೋಲಿನ ತಲೆ. ಕತ್ತಿನ ಹತ್ತಿರ ಮುರಿದು ಹೋಗಿತ್ತು.

ವೆಲ್ಡಿಂಗಿನವನು ಓಡಿಹೋಗಿ ಅದನ್ನು ಎತ್ತಿಕೊಂಡು ಬಂದ. ಮುಖದಲ್ಲಿ ದುಃಖದ ಸುಳಿವೇ ಇಲ್ಲ. "ನೋಡಿದ್ರಾ ಸಾರ್? ಕಂಪನಿ ಮಾಡಿದ್ದು ಮುರೀತು. ನಾನು ಮಾಡಿದ್ದು ಒಂಚೂರೂ ಅಲ್ಲಾಡಿಲ್ಲ!"

೩. ಲೆಕ್ಕದ ಟೀಚರ್ ಪ್ರಶ್ನೆ

ನನ್ನ ಹೆಂಡತಿ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ಅವಳ ಹತ್ತಿರ ಸುತ್ತಿ ಬಳಸಿ ಮಾತಾಡಿದರೆ ಉತ್ತರಕ್ಕೆ ಅರ್ಧ ಅಂಕ ಕೊಡುತ್ತಾಳೆ. ಅದಕ್ಕೇ ನೇರವಾಗಿ ಕೇಳಿದೆ. "ಒಂದು ಸೆಟ್ ಐರನ್ ತಗೋಬೇಕು."

"ಸೆಟ್ ಅಂದ್ರೆ ಎಷ್ಟು?"

"ಏಳು."

"ಚೆಂಡು?"

"ಒಂದೇ."

ಅವಳು ತಿದ್ದುತ್ತಿದ್ದ ಉತ್ತರಪತ್ರಿಕೆಯನ್ನು ಪಕ್ಕಕ್ಕಿಟ್ಟಳು. "ಒಂದು ಚೆಂಡಿಗೆ ಏಳು ಕೋಲು ಯಾಕ್ರಿ?"

ನಾನು ಉತ್ಸಾಹದಿಂದ ವಿವರಿಸಿದೆ. ಐದನೇ ನಂಬರು ಇಷ್ಟು ದೂರಕ್ಕೆ, ಏಳನೆಯದು ಅದಕ್ಕಿಂತ ಕಡಿಮೆ, ಒಂಬತ್ತು ಇನ್ನೂ ಕಡಿಮೆ. ಒಂದೊಂದು ದೂರಕ್ಕೆ ಒಂದೊಂದು ಕೋಲು. ಹಾಳೆಯ ಮೇಲೆ ಚಿತ್ರ ಬರೆದೂ ತೋರಿಸಿದೆ. ಅವಳು ಚಿತ್ರ ನೋಡಿ ತಲೆದೂಗಿದಳು. ಅವಳು ಎಷ್ಟೋ ಭಾನುವಾರ ತೋಟಕ್ಕೆ ಬಂದು ಮ್ಯಾನೇಜರ ಹೆಂಡತಿಯ ಜೊತೆ ಕಟ್ಟೆಯ ಮೇಲೆ ಕೂತು ನನ್ನ ಆಟ ನೋಡಿದವಳು ಎಂಬುದು ಆ ಕ್ಷಣ ನನಗೆ ಮರೆತುಹೋಗಿತ್ತು.

"ನೀವು ಯಾವುದ್ರಲ್ಲಿ ಹೊಡೆದ್ರೂ ಅಷ್ಟೇ ದೂರ ಹೋಗುತ್ತಲ್ರಿ. ಒಂದು ತಗಂಡ್ರೆ ಸಾಕು."

ನಾನು ಬರೆದ ಚಿತ್ರ ಮಡಚಿ ಜೇಬಿಗೆ ಹಾಕಿಕೊಂಡೆ. ಆದರೆ ಅವಳಿಗೆ ನನ್ನ ಮುಖ ನೋಡಿ ಏನನ್ನಿಸಿತೋ, ಮೂರು ದಿನ ಬಿಟ್ಟು ಒಂದು ಕವರು ತಂದು ಮೇಜಿನ ಮೇಲಿಟ್ಟಳು. ಎರಡು ಒಳ್ಳೆಯ ಟಗರಿನ ಬೆಲೆಯಷ್ಟು ಹಣವಿತ್ತು. "ಇದರೊಳಗೆ ಮುಗೀಬೇಕು. ಒಂದೇ ಸಲ. ತಂದ ಮೇಲೆ ಇದು ಸರಿಯಿಲ್ಲ, ಬೇರೆ ಬೇಕು ಅನ್ನಂಗಿಲ್ಲ."

ನನಗೆ ಕಣ್ಣು ತುಂಬಿಬಂತು. ಸಂತೋಷಕ್ಕೋ, ಆರಿಸುವ ಜವಾಬ್ದಾರಿಯ ಹೆದರಿಕೆಗೋ ಗೊತ್ತಿಲ್ಲ. ಅವಳು ಮಾತ್ರ, "ಅಳೋದಾದ್ರೆ ಒಳಗಿರೋದನ್ನ ಎಣಿಸಿ ಆಮೇಲೆ ಅಳ್ರಿ" ಎಂದು ಉತ್ತರಪತ್ರಿಕೆಗೆ ವಾಪಸ್ಸು ಹೋದಳು.

೪. ಹಂಚು ಒಡೆದ ಏಟು

ಈಗ ಯಾವುದನ್ನು ಕೊಳ್ಳುವುದು? ಐರನ್‌ಗಳಲ್ಲಿ ಎರಡು ಜಾತಿ. ಒಂದು ತೆಳ್ಳಗೆ, ನುಣ್ಣಗೆ, ನೋಡಲು ಬಲು ಚೆಂದ. ಸರಿಯಾಗಿ ಹೊಡೆದರೆ ಚಿನ್ನ, ಕೂದಲೆಳೆ ತಪ್ಪಿದರೂ ಕೈ ಜುಮ್ಮೆನ್ನುತ್ತದೆ. ಇನ್ನೊಂದು ಹಿಂಬದಿ ಗುಳಿ ಬಿಟ್ಟ ದಪ್ಪ ಜಾತಿ. ನೋಡಲು ಒಡ್ಡೊಡ್ಡು, ಆದರೆ ಅಂಚಿಗೆ ತಗುಲಿದರೂ ಚೆಂಡನ್ನು ಒಂದಿಷ್ಟು ದೂರ ಮುಟ್ಟಿಸುತ್ತದೆ. ಮ್ಯಾನೇಜರು ತೆಳ್ಳನೆಯದರ ಪಕ್ಷ. "ದಪ್ಪ ಕೋಲು ಹಿಡಿಯೋದೂ ಒಂದೇ, ಊರುಗೋಲು ಹಿಡಿಯೋದೂ ಒಂದೇ. ನನ್ನ ಸ್ನೇಹಿತರ ಮುಂದೆ ಮಾನ ಕಳೀಬೇಡ್ರಿ ಡಾಕ್ಟ್ರೇ."

ಚಿತ್ರದುರ್ಗದ ಗುಡ್ಡದ ಮೇಲೆ ಗಾಳಿಯಂತ್ರ ನೋಡಿಕೊಳ್ಳುವ ಎಂಜಿನಿಯರೊಬ್ಬರ ಹತ್ತಿರ ದಪ್ಪ ಜಾತಿಯ ಏಳನೇ ನಂಬರು ಇತ್ತು. ಪರೀಕ್ಷೆಗೆಂದು ಒಂದು ದಿನದ ಮಟ್ಟಿಗೆ ಕೇಳಿ ತಂದೆ. ಗೋಮಾಳದಲ್ಲಿ ಹೊಡೆದ ಮೂರನೇ ಏಟಿಗೆ ಕೈಗೆ ಏನೂ ತಾಗಿದಂತೆಯೇ ಆಗಲಿಲ್ಲ. ಚೆಂಡು ಮೇಲೆದ್ದು, ತೇಲಿ, ಬೇಲಿ ದಾಟಿ, ದಾರಿ ದಾಟಿ, ಆಚೆ ಮನೆಯ ಹಂಚಿನ ಮೇಲೆ ಬಿದ್ದು ಟಳಾರೆಂದಿತು.

ಮನೆಯ ಗೌಡರು ಒಂದು ಕೈಯಲ್ಲಿ ಚೆಂಡು, ಇನ್ನೊಂದರಲ್ಲಿ ಒಡೆದ ಹಂಚು ಹಿಡಿದು ಧುಮುಗುಟ್ಟುತ್ತ ಬಂದರು. "ಯಾವನ್ಲೇ ಅವ್ನು?" ಎಂದು ಶುರು ಮಾಡಿದವರು ನನ್ನನ್ನು ಕಂಡು, "ಡಾಕ್ಟ್ರಾ? ನೀವಾ?" ಎಂದು ಅರ್ಧ ಇಳಿದರು. ನಾನು ಕ್ಷಮೆ ಕೇಳಬೇಕಿತ್ತು. ಬಾಯಿಂದ ಬಂದದ್ದು ಬೇರೆ.

"ಗೌಡ್ರೇ, ಸರಿಯಾಗಿ ಯಾವ ಹಂಚಿಗೆ ಬಿತ್ತು?"

"ಯಾವ್ದಾದ್ರೇನ್ರಿ? ಒಡೆದೈತೆ!"

"ಅಲ್ಲ, ದೂರ ಅಳೀಬೇಕಿತ್ತು."

ಅವರು ನನ್ನ ಮುಖವನ್ನು ಒಂದು ಕ್ಷಣ ದಿಟ್ಟಿಸಿದರು. ನನ್ನ ಹಲ್ಲುಗಳೆಲ್ಲ ಹೊರಗಿದ್ದವೆಂದು ಕಾಣುತ್ತದೆ. ಅಷ್ಟು ಸಂತೋಷದಲ್ಲಿರುವ ಮನುಷ್ಯನನ್ನು ಬೈಯುವುದು ಹೇಗೆ? "ಅಳೆಯೋದಾದ್ರೆ ಸರಿಯಾಗೇ ಅಳೀರಿ" ಎಂದು ತಾವೇ ಪಂಚೆ ಎತ್ತಿ ಕಟ್ಟಿ ಹೆಜ್ಜೆ ಹಾಕತೊಡಗಿದರು. ನಾನು ಹಿಂದಿನಿಂದ ಎಣಿಸಿದೆ. ಮನೆಯ ಗೋಡೆ ಮುಟ್ಟಿದಾಗ ನೂರಾ ನಲವತ್ತೆಂಟು ಹೆಜ್ಜೆ. ಗೌಡರು ಮೇಲಿನ ತೂತು ನೋಡಿದರು, ಗೋಮಾಳ ನೋಡಿದರು. ಅವರ ಮುಖದಲ್ಲೂ ಹೆಮ್ಮೆ ಮೂಡಿತ್ತು.

"ನಮ್ಮನೆ ಅಡ್ಡ ಬಂತು ಡಾಕ್ಟ್ರೇ. ಇಲ್ದಿದ್ರೆ ಇನ್ನೂ ಹೋಗದು."

೫. ಬೆಂಗಳೂರಿನ ಅಂಗಡಿಯಲ್ಲಿ ಸಂತೆ

ದೀಪಾವಳಿಯ ನಂತರದ ಆ ಆಟದ ವಿಷಯ ಮೊದಲು ಹೇಳಿ ಮುಗಿಸಿಬಿಡುತ್ತೇನೆ, ಯಾಕೆಂದರೆ ಅದರಲ್ಲಿ ನಗುವಂಥದ್ದು ಏನೂ ಇಲ್ಲ. ಹತ್ತು ಜನ ಸುತ್ತ ನಿಂತು ನೋಡುತ್ತಿರುವಾಗ ನೀರಿನ ಮುಂದೆ ನಿಂತು ಹೊಸ ಏಳನೇ ನಂಬರು ಬೀಸಿದೆ. ಚೆಂಡು ಸ್ವಲ್ಪ ಅಂಚಿಗೇ ತಗುಲಿತ್ತು. ಆದರೂ ದಾಟಿತು. ಮ್ಯಾನೇಜರು "ಹ್ಞೂಂ" ಎಂದರು. ಆ ಹ್ಞೂಂಗೆ ನಾನು ನಾಲ್ಕು ವರ್ಷ ಕಾದಿದ್ದೆ. ಅವರ ಚೆಂಡು ಎಲ್ಲಿ ಬಿತ್ತೆಂದು ಹೇಳುವುದು ಮರ್ಯಾದೆಯಲ್ಲ. ಅಂತೂ ಆ ದಿನ ನನ್ನಷ್ಟು ಸುಖಿ ಬೆಂಗಳೂರಿನಲ್ಲಿ ಇನ್ನೊಬ್ಬ ಇರಲಿಲ್ಲ. ಆದರೆ ಆ ಏಳನೇ ನಂಬರು ನನ್ನ ಕೈಗೆ ಬಂದ ಬಗೆ ನೆನೆದರೆ ಈಗಲೂ ಒಬ್ಬನೇ ನಗುತ್ತೇನೆ.

ಬೆಂಗಳೂರಿನಲ್ಲಿ ಬಳಸಿದ ಕೋಲುಗಳನ್ನೂ ಮಾರುವ ಅಂಗಡಿಯೊಂದಿದೆ ಎಂದು ಎಂಜಿನಿಯರು ಹೇಳಿದ್ದರು. ನನಗೆ ಚೌಕಾಸಿ ಬರುವುದಿಲ್ಲ. ಅಂಗಡಿಯವರು ಬೆಲೆ ಹೇಳಿದರೆ "ಥ್ಯಾಂಕ್ಸ್" ಎನ್ನುವ ಜಾತಿ. ಇದನ್ನು ಕುರಿ ಯಜಮಾನರ ಹತ್ತಿರ ತೋಡಿಕೊಂಡಾಗ ಅವರು, "ನನ್ ಮಗಳ ಮನೆ ಅಲ್ಲೇ ಐತಲ್ರಿ. ನಡ್ರಿ, ಹೋಗಾಣ" ಎಂದರು. ಚಿಕ್ಕಜಾಜೂರಿನಲ್ಲಿ ರೈಲು ಹತ್ತಿದೆವು. ಯಜಮಾನರು ಬಿಳೀ ಪಂಚೆ, ಹೆಗಲಿಗೆ ದೊಡ್ಡ ಟವೆಲ್, ಕೈಯಲ್ಲಿ ತಮ್ಮ ಕೋಲು.

ಅಂಗಡಿ ತಣ್ಣಗಿತ್ತು, ನೆಲದಲ್ಲಿ ಮುಖ ಕಾಣುತ್ತಿತ್ತು. ಇಬ್ಬರು ದೊಡ್ಡ ಮನುಷ್ಯರಂಥ ಗಿರಾಕಿಗಳು ಆಗಲೇ ಸೋಫಾದಲ್ಲಿ ಕೂತು ಸೆಟ್ಟು ನೋಡುತ್ತಿದ್ದರು. ಮಾಲೀಕರು ಟೈ ಕಟ್ಟಿದ ಸಭ್ಯಸ್ಥರು. ನನ್ನ ಬಜೆಟ್ಟು ಕೇಳಿ ನೋಯದಂತೆ ನಕ್ಕು, ಬಳಸಿದ ಎರಡು ಸೆಟ್ಟು ತಂದಿಟ್ಟರು. ಒಂದು ತೆಳ್ಳನೆಯದು, ಫಳಫಳ ಹೊಳೆಯುತ್ತಿತ್ತು. ಇನ್ನೊಂದು ದಪ್ಪದ್ದು, ಮಂಕಾಗಿ, ಗೆರೆಗಳಲ್ಲಿ ಇನ್ನೂ ಮಣ್ಣು ಅಂಟಿಕೊಂಡಿತ್ತು.

ಯಜಮಾನರು ಹೊಳೆಯುವುದನ್ನು ಕೈಗೆತ್ತಿಕೊಂಡರು. "ಸಂತೆಗೆ ಮೈ ತೊಳೆದು, ಕೊಂಬಿಗೆ ಬಣ್ಣ ಬಳ್ಕಂಡು ಬಂದೈತೆ ಇದು." ಆಮೇಲೆ ಕೋಲಿನ ಮುಖವನ್ನು ಬೆಳಕಿಗೆ ಹಿಡಿದು, ಅಡ್ಡ ಗೆರೆಗಳ ಮೇಲೆ ಉಗುರು ಎಳೆದರು. ಕುರಿಯ ಬಾಯಿ ಬಿಡಿಸಿ ಹಲ್ಲು ನೋಡುವಾಗ ಅವರ ಮುಖ ಹೀಗೇ ಇರುತ್ತದೆ. "ಹಲ್ಲೆಲ್ಲ ಸವೆದವೆ. ಮುದಿ." ಮಂಕಾದ ದಪ್ಪದ್ದಕ್ಕೂ ಉಗುರು ಎಳೆದರು. ಮಣ್ಣು ಉದುರಿತು, ಗೆರೆಗೆ ಉಗುರು ಸಿಕ್ಕಿಕೊಂಡಿತು. "ಇದು ನಾಕು ಹಲ್ಲಿಂದು. ಇನ್ನೂ ಹರೆಯ. ಎಲ್ಲಿ, ನಡೆಸಿ ತೋರ್ಸ್ರಿ."

ನಡೆಸುವುದೆಂದರೆ ಅಲ್ಲಿದ್ದ ಬಲೆಗೆ ನಾನು ಹೊಡೆದು ತೋರಿಸುವುದು. ಯಜಮಾನರು ನನ್ನ ಕಡೆ ನೋಡಲೇ ಇಲ್ಲ, ಕಣ್ಣು ಮುಚ್ಚಿ ಸದ್ದು ಕೇಳಿದರು. ತೆಳ್ಳನೆಯದರಲ್ಲಿ ಐದು ಏಟು, ಐದು ಬಗೆಯ ಸದ್ದು. ದಪ್ಪದ್ದರಲ್ಲಿ ಐದಕ್ಕೆ ನಾಲ್ಕು ಒಂದೇ ಸದ್ದು. "ಇದೇ" ಎಂದರು. ನನ್ನ ಕೈಯೂ ಅದನ್ನೇ ಹೇಳುತ್ತಿತ್ತು. ಮಾಲೀಕರು ಮೆಚ್ಚಿ, "ಇವರು ಕೋಚಾ ಸಾರ್?" ಎಂದು ನನ್ನ ಕಿವಿಯಲ್ಲಿ ಕೇಳಿದರು.

ಬೆಲೆ ಕೇಳಿದೆ. ಹೇಳಿದರು. ಕವರಿನಲ್ಲಿದ್ದದ್ದು ಎರಡು ಟಗರು, ಇವರು ಹೇಳಿದ್ದು ಮೂರು. "ಫಿಕ್ಸೆಡ್ ಪ್ರೈಸ್ ಸಾರ್, ಒಂದು ರೂಪಾಯಿ ಬಿಡಲ್ಲ" ಎಂದೂ ಸೇರಿಸಿದರು. ನಾನು ಅಭ್ಯಾಸಬಲದಿಂದ "ಥ್ಯಾಂಕ್ಸ್" ಎಂದೆ. ಬರಿಗೈಯಲ್ಲಿ ಹೊಳಲ್ಕೆರೆಗೆ ಹೋಗಿ ಮುರಿಯದೆ ಉಳಿದ ನಾಲ್ಕು ಮನೆಯ ಕೋಲು ಹಿಡಿದು ನೀರಿನ ಮುಂದೆ ನಿಲ್ಲುವ ಚಿತ್ರ ಕಣ್ಣ ಮುಂದೆ ಬಂತು.

"ನೀವು ಸುಮ್ಕಿರ್ರಿ ಡಾಕ್ಟ್ರೇ" ಎಂದು ಯಜಮಾನರು ಮುಂದೆ ಬಂದು ಕೈ ಚಾಚಿದರು.

ಕುರಿ ಸಂತೆ ನೋಡಿದವರಿಗೆ ಗೊತ್ತು, ಅಲ್ಲಿ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ಕೈಗೆ ಕೈ ಸೇರಿಸಿ, ಮೇಲೆ ಟವೆಲ್ ಮುಚ್ಚಿ, ಬೆರಳು ಒತ್ತಿ ಕೇಳುವುದು, ಬೆರಳು ಒತ್ತಿ ಹೇಳುವುದು. ಒಪ್ಪಿಗೆಯಾದರೆ ಕೈ ಕುಲುಕಿ ಬಿಡುವುದು. ಸುತ್ತ ನಿಂತವರಿಗೆ ಬೆಲೆ ತಿಳಿಯುವುದಿಲ್ಲ. ಬೆಂಗಳೂರಿನ ಮಾಲೀಕರಿಗೆ ಇದೆಲ್ಲ ಎಲ್ಲಿ ಗೊತ್ತು? ಗಿರಾಕಿ ಕೈ ಚಾಚಿದರು, ಇವರೂ ಚಾಚಿದರು. ಯಜಮಾನರು ಎರಡೂ ಕೈಗಳ ಮೇಲೆ ಟವೆಲ್ ಎಳೆದರು. ಒಳಗೆ ಏನೇನೋ ಒತ್ತಿದರು. ಮಾಲೀಕರು ಕೆಂಪಾದರು, ನನ್ನನ್ನು ನೋಡಿದರು, ಇದು ನಮ್ಮ ಕಡೆಯ ನಮಸ್ಕಾರವೇ ಇರಬೇಕೆಂದು ತೀರ್ಮಾನಿಸಿದರು. ಸಭ್ಯಸ್ಥರಲ್ಲವೇ, ಆ ಕೈಯನ್ನು ಗಟ್ಟಿಯಾಗಿ ಹಿಡಿದು ಕುಲುಕಿದರು.

ಯಜಮಾನರು ಟವೆಲ್ ಸರ್ರನೆ ಎಳೆದು ಹೆಗಲಿಗೆ ಹಾಕಿದರು. "ವ್ಯಾಪಾರ ಮುಗೀತು. ಕಟ್ಸಿ ಕೊಡ್ರಿ ಸ್ವಾಮಿ."

"ಏನು ಮುಗೀತು? ಎಷ್ಟಕ್ಕೆ?" ಮಾಲೀಕರು ಕಂಗಾಲು.

"ನೀವೇ ಕೈ ಕುಲುಕಿ ಒಪ್ಕಂಡ್ರಲ್ಲ. ಜೋರಾಗಿ ಹೇಳ್ಬೇಕಾ? ಅಲ್ಲಿಬ್ರು ಕುಂತವ್ರೆ ನೋಡ್ರಿ."

ಮಾಲೀಕರು ಹಿಂದೆ ತಿರುಗಿದರು. ಸೋಫಾದ ಇಬ್ಬರೂ ಸೆಟ್ಟು ನೋಡುವುದನ್ನು ಬಿಟ್ಟು ಕತ್ತು ಚಾಚಿ ಕೂತಿದ್ದರು. ಅವರಿಗೂ ಈಗಷ್ಟೇ "ಫಿಕ್ಸೆಡ್ ಪ್ರೈಸ್" ಎಂದು ಹೇಳಿ ಮುಗಿಸಿದ್ದರಂತೆ. ಮಾಲೀಕರ ದನಿ ತಾನಾಗಿ ಇಳಿಯಿತು. ಪಿಸುಗುಟ್ಟಿ ನನ್ನನ್ನು ಕೇಳಿದರು, "ಸಾರ್, ಎಷ್ಟು ಹೇಳಿದ್ರು ಇವರು?" ಕೊಡಬೇಕಾದ ನನಗೂ ಗೊತ್ತಿರಲಿಲ್ಲ. ನಾನು ಯಜಮಾನರ ಟವೆಲ್ಲಿನೊಳಗೆ ಕೈ ಇಟ್ಟು ಕೇಳಿಕೊಂಡೆ. ಅದೇ ಟವೆಲ್ಲಿನೊಳಗೆ ಮಾಲೀಕರ ಕೈ ಹಿಡಿದು, ಒಂದೊಂದು ಬೆರಳಿಗೆ ಎಷ್ಟೆಂದು ಕಿವಿಯಲ್ಲಿ ಹೇಳಿ, ಒತ್ತಿದೆ. ಎರಡು ಟಗರಿಗೆ ಸ್ವಲ್ಪ ಕಡಿಮೆ.

ಅವರ ಮುಖ ಸಣ್ಣದಾಯಿತು. ಆದರೆ ಮನುಷ್ಯ ಚುರುಕು. ಅರೆಗಳಿಗೆ ಯೋಚಿಸಿ, ನನ್ನದೊಂದು ಬೆರಳನ್ನು ಹೆಚ್ಚಿಗೆ ಒತ್ತಿದರು. ಅದು ಸೇರಿದರೆ ಕವರಿನಲ್ಲಿದ್ದಷ್ಟೇ ಆಗುತ್ತಿತ್ತು. ನಾನು ಕೈ ಕುಲುಕಿದೆ. ಜೀವನದಲ್ಲಿ ಮೊದಲ ಸಲ ಥ್ಯಾಂಕ್ಸ್ ಹೇಳದೆ ವ್ಯಾಪಾರ ಮುಗಿಸಿದ್ದೆ. ಏಳು ಕೋಲುಗಳನ್ನು ಚೀಲಕ್ಕೆ ಹಾಕಿ ಹೆಗಲಿಗೇರಿಸಿದಾಗ ಅದು ಭಾರ ಅನ್ನಿಸಲೇ ಇಲ್ಲ.

ಬಾಗಿಲ ಹತ್ತಿರ ಬಂದಿದ್ದೆವು. ಹಿಂದಿನಿಂದ ಯಾರೋ ಕೆಮ್ಮಿದರು. ತಿರುಗಿ ನೋಡಿದರೆ ಸೋಫಾದ ದೊಡ್ಡ ಮನುಷ್ಯರಿಬ್ಬರೂ ಎದ್ದು ನಿಂತಿದ್ದರು. ವಾಚು ಬಿಚ್ಚಿ ಜೇಬಿಗೆ ಹಾಕಿ, ಅಂಗಿಯ ತೋಳು ಮೊಳಕೈವರೆಗೆ ಮಡಚಿ, ಇಬ್ಬರೂ ಯಜಮಾನರ ಕಡೆಗೆ ಬಲಗೈ ಚಾಚಿದ್ದರು.

ಯಜಮಾನರು ಹೆಗಲ ಮೇಲಿನದನ್ನು ನಿಧಾನವಾಗಿ ಕೈಗೆ ತೆಗೆದುಕೊಂಡು ಕೊಡವಿದರು.

"ಒಬ್ಬೊಬ್ರೇ ಬರ್ರಿ ಸ್ವಾಮಿ. ಟವೆಲ್ ಒಂದೇ ಐತೆ."